ನೀರಿನ ಹೊಳಪೂ ಗಾಳಗಾರನ ಕನ್ನಡಕವೂ

ಸಂಸ್ಕೃತದಲ್ಲಿ ‘ಅನಿಮಿಷ’ ಎಂಬ ಶಬ್ದಕ್ಕೆ ದೇವತೆಯೆಂದೂ ಮೀನೆಂದೂ ಎರಡು ಅರ್ಥಗಳುಂಟು. ದೇವತೆಗಳೂ ಎವೆಯಿಕ್ಕುವುದಿಲ್ಲ, ಮೀನುಗಳೂ ಎವೆಯಿಕ್ಕುವುದಿಲ್ಲವೆಂಬುದೇ ಇದಕ್ಕೆ ಕಾರಣ. ಮೀನು ನೀರೊಳಗಿನಿಂದ ಹೀಗೆ ನೋಡುತ್ತಿರುವಾಗ, ದಡದಲ್ಲಿ ಗಾಳ ಹಿಡಿದು ಕುಳಿತ ನಾವಾದರೋ ಕಣ್ಣನ್ನು ಕಿರಿದುಮಾಡಿಕೊಂಡು, ಹಣೆಗೆ ಕೈಯನ್ನು ಅಡ್ಡ ಹಿಡಿದು, ನೀರಿನ ಮೇಲೆ ಬೆಳ್ಳಿಯ ತಗಡು ಹಾಸಿದಂತಹ ಹೊಳಪನ್ನಲ್ಲದೆ ಬೇರೇನನ್ನೂ ಕಾಣದೆ ಹೋಗುವೆವು. ಈ ಕೊರತೆಯನ್ನು ತಕ್ಕಮಟ್ಟಿಗೆ ನೀಗಿಸುವ ಕನ್ನಡಕವನ್ನು ಆರಿಸುವ ಬಗೆಯನ್ನು ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಪಾಠಶಾಲೆಯಿಂದ ನಿವೃತ್ತರಾದ ಮೇಲೆ ನಾವು ಬಾಲ್ಯದ ಗಾಳದ ಹವ್ಯಾಸವನ್ನು ಮರಳಿ ಕೈಗೊಂಡುದನ್ನು ಕಂಡು ಜಯನಗರದ ನಮ್ಮ ನೆರೆಹೊರೆಯವರು ನಗುವುದುಂಟು. ಹಿಡಿದ ಮೀನನ್ನು ಪುನಃ ನೀರಿಗೆ ಬಿಡುವುದೇ ನಮ್ಮ ನಿಯಮವೆಂದರೆ ಅವರ ನಗೆ ಇಮ್ಮಡಿಯಾಗುವುದು. ಅದಿರಲಿ. ಎರಡು ವರ್ಷಗಳ ಹಿಂದೆ ನಾವು ಅಂಗಡಿಯೊಂದಕ್ಕೆ ಹೋಗಿ, “ಇರುವುದರಲ್ಲೆಲ್ಲ ಕಪ್ಪಾದುದನ್ನು ಕೊಡಿ” ಎಂದು ಕೇಳಿ, ನಮ್ಮ ಪವರು ಹಾಕಿಸಿದ ತಂಪು ಕನ್ನಡಕವನ್ನು ಕೊಂಡೆವು. ಕನಕಪುರದ ದಾರಿಯಲ್ಲಿ ಪರಿಚಿತರೊಬ್ಬರ ಮೀನುಕೊಳವಿದೆ. ಅಲ್ಲಿ ಅದನ್ನು ಧರಿಸಿ ನೋಡಿದರೆ ಹೊಳಪು ಹೋಗಲೇ ಇಲ್ಲ. ಲೋಕವೆಲ್ಲ ಮಬ್ಬಾಯಿತು, ಅದರೊಡನೆ ಹೊಳಪೂ ಮಬ್ಬಾಯಿತು, ಅಷ್ಟೆ. ನೀರಿನಡಿಯ ಪಾಚಿಗಟ್ಟಿದ ಮೆಟ್ಟಿಲು ಕಾಣದೆ ಜಾರಿ, ಮೊಣಕಾಲು ತರಚಿಕೊಂಡು ಮನೆಗೆ ಬಂದೆವು. ತಪ್ಪು ಅಂಗಡಿಯವನದಲ್ಲ, ಕೇಳಿದುದನ್ನೇ ಅವನು ಕೊಟ್ಟನು. ಕೇಳತಕ್ಕುದೇನೆಂಬುದನ್ನು ನಾವೇ ಅರಿತಿರಲಿಲ್ಲ.

ಬಣ್ಣ ಬೇರೆ, ಗಾಢತೆ ಬೇರೆ, ಹೊಳಪನ್ನು ತಡೆಯುವ ಗುಣವೇ ಬೇರೆ. ಇದನ್ನು ಮೊದಲು ತಿಳಿಯಬೇಕು. ಸೂರ್ಯನ ಬೆಳಕು ಎಲ್ಲ ದಿಕ್ಕುಗಳಲ್ಲಿಯೂ ಕಂಪಿಸುತ್ತ ಬರುತ್ತದೆ. ಅದು ನೀರಿನ ಮೇಲೆ ಓರೆಯಾಗಿ ಬಿದ್ದು ಪ್ರತಿಫಲಿಸಿದಾಗ ಅಡ್ಡಲಾಗಿ ಕಂಪಿಸುವ ಭಾಗವೇ ಹೆಚ್ಚಾಗಿ ನಮ್ಮ ಕಣ್ಣಿಗೆ ಬರುವುದು. ಕಿಟಕಿಯ ನಿಲುವು ಸರಳುಗಳ ನಡುವೆ ಅಡ್ಡ ಹಿಡಿದ ಕೋಲು ತೂರಲಾರದು, ನಿಲುವಾಗಿ ಹಿಡಿದ ಕೋಲು ತೂರುವುದು. ಅಂಗಡಿಯವರು ‘ಪೋಲರೈಸ್ಡ್’ ಎನ್ನುವ ಮಸೂರ ಅಂತಹ ಕಿಟಕಿಯೇ ಸರಿ. ಮೇಲ್ಮೈಯ ಹೊಳಪನ್ನು ಅದು ತಡೆದು, ನೀರಿನೊಳಗಿನಿಂದ ಬರುವ ಬೆಳಕಿಗೆ ದಾರಿ ಬಿಡುವುದು. ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿ ಓರೆಯಾಗಿ ನೋಡಿದಾಗ ಇದರ ಫಲ ಅತ್ಯಧಿಕ. ನೇರವಾಗಿ ಕೆಳಗೆ ಬಗ್ಗಿ ನೋಡಿದರೆ ಫಲವಿಲ್ಲ.

ಈ ತತ್ತ್ವವನ್ನು ನೀರಿನ ಮೇಲೆಯೇ ಪ್ರಯೋಗಿಸಿ ನೋಡಿದ ಮಹನೀಯರೊಬ್ಬರು ನಮ್ಮ ಬೆಂಗಳೂರಿನಲ್ಲಿಯೇ ಬಹುಕಾಲ ನೆಲೆಸಿದ್ದರು. ಸರ್ ಚಂದ್ರಶೇಖರ ವೆಂಕಟರಾಮನ್ನರು 1921ರಲ್ಲಿ ಇಂಗ್ಲೆಂಡಿನಿಂದ ‘ನರ್ಕುಂಡಾ’ ಎಂಬ ಹಡಗಿನಲ್ಲಿ ಹಿಂದಿರುಗುವಾಗ, ನಿಕೋಲ್ ಎಂಬ ಸ್ಫಟಿಕದ ಮೂಲಕ ಕಡಲನ್ನು ವೀಕ್ಷಿಸಿ, ಮೇಲ್ಮೈಯ ಪ್ರತಿಫಲನವನ್ನು ಅಡಗಿಸಿದರು. ಆಗಲೂ ಕಡಲಿನ ನೀಲಿ ಉಳಿದುದರಿಂದ, ಅದು ಆಕಾಶದ ಪ್ರತಿಬಿಂಬ ಮಾತ್ರವಲ್ಲ, ನೀರೇ ಬೆಳಕನ್ನು ಚದುರಿಸುವುದರಿಂದ ಆಗುವುದೆಂದು ನಿರ್ಣಯಿಸಿದರು. ಅವರು 1948ರಲ್ಲಿ ಸ್ಥಾಪಿಸಿದ ಸಂಶೋಧನಾಲಯ ಇಂದಿಗೂ ನಮ್ಮ ನಗರದಲ್ಲಿದೆ. ಸ್ಫಟಿಕದ ಕೆಲಸವನ್ನು ತೆಳುವಾದ ಹಾಳೆಯಿಂದ ಮಾಡಿಸುವ ಉಪಾಯವನ್ನು ಅಮೆರಿಕದ ಎಡ್ವಿನ್ ಲ್ಯಾಂಡ್ ಎಂಬವರು 1929ರ ಸುಮಾರಿಗೆ ಕಂಡುಹಿಡಿದುದರಿಂದ, ಅಂದು ವಿಜ್ಞಾನಿಯ ಕೈಯಲ್ಲಿದ್ದ ಸಾಧನ ಇಂದು ಗೃಹಸ್ಥನ ಮೂಗಿನ ಮೇಲೆ ಬಂದಿದೆ.

ಇನ್ನು ಆಯ್ಕೆಯ ಕ್ರಮ. ಮೊದಲನೆಯ ಹೆಜ್ಜೆ ಕಣ್ಣಿನ ವೈದ್ಯರಲ್ಲಿಗೆ, ಎರಡನೆಯದು ಅಂಗಡಿಗೆ. ಐವತ್ತು ದಾಟಿದವರಿಗೆ ಬಿಸಿಲಿನ ಝಳ ದಿನೇ ದಿನೇ ದುಸ್ಸಹವಾಗುತ್ತಿದ್ದರೆ ಅದು ಕಣ್ಣಿನ ಪೊರೆಯ ಸೂಚನೆಯೂ ಆಗಿರಬಹುದು. ಅದನ್ನು ಬಣ್ಣದ ಗಾಜಿನಿಂದ ಮುಚ್ಚಿಡಕೂಡದು. ಹಳೆಯ ಚೀಟಿಯನ್ನು ನಂಬದೆ ಹೊಸದಾಗಿ ಪರೀಕ್ಷೆ ಮಾಡಿಸಿ ಪವರನ್ನು ಬರೆಯಿಸಿಕೊಳ್ಳಬೇಕು. ಗಾಳಕ್ಕೆ ದಾರ ಕಟ್ಟಲು ಹತ್ತಿರದ ಪವರೂ ಬೇಕಾಗುವುದು. ಆದರೆ ಅದೇ ಭಾಗದ ಮೂಲಕ ಕಾಲಿನ ಕೆಳಗಣ ಕಲ್ಲನ್ನು ನೋಡಿದರೆ ಕಲ್ಲು ಮಸಕಾಗಿ ಕಾಲು ತಪ್ಪುವುದು. ಆದುದರಿಂದ ಬೈಫೋಕಲ್ ಮಾಡಿಸುವವರು ಓದುವ ಭಾಗವನ್ನು ಚಿಕ್ಕದಾಗಿಯೂ ತಗ್ಗಿನಲ್ಲಿಯೂ ಇರಿಸುವಂತೆ ಹೇಳುವುದು ಒಳ್ಳೆಯದು. ಕಪೋಲಕ್ಕೆ ಬಾಗಿ ಅಪ್ಪಿಕೊಳ್ಳುವ ಚೌಕಟ್ಟು ಪಕ್ಕದ ಬೆಳಕನ್ನು ತಡೆಯುವುದಾದರೂ, ಪವರು ಹೆಚ್ಚಿದ್ದವರಿಗೆ ಅದರಲ್ಲಿ ನೋಟ ವಕ್ರವಾಗಬಹುದು. ಅಂತಹವರು ಸಾಧಾರಣ ಚೌಕಟ್ಟನ್ನು ಧರಿಸಿ ಅಗಲವಾದ ಅಂಚಿನ ಟೋಪಿ ಹಾಕಿಕೊಂಡರೆ ಸಾಕು.

ಬಣ್ಣವನ್ನು ಈಗಿರುವ ಮಸೂರಕ್ಕೂ ಹಾಕಿಸಬಹುದು. ಹೊಳಪನ್ನು ತಡೆಯುವ ಪದರವನ್ನಾದರೋ ಮಸೂರವನ್ನು ಮಾಡುವಾಗಲೇ ಸೇರಿಸಬೇಕು. ಎರಡನೆಯ ಕನ್ನಡಕದ ವೆಚ್ಚ ಭಾರವೆನಿಸುವವರು, ಈಗಿರುವ ಕನ್ನಡಕದ ಮೇಲೆ ಸಿಕ್ಕಿಸುವ ಪೋಲರೈಸ್ಡ್ ಮರೆಯನ್ನು ಕೊಂಡರೆ ಕಡಿಮೆ ಹಣದಲ್ಲಿಯೇ ಕಾರ್ಯ ಸಾಗುವುದು.

ಬಣ್ಣವನ್ನು ನೀರನ್ನೂ ಹೊತ್ತನ್ನೂ ನೋಡಿ ಆರಿಸತಕ್ಕುದು, ಅಂದಕ್ಕಾಗಿಯಲ್ಲ. ಬೂದುಬಣ್ಣ ವಸ್ತುಗಳ ಸಹಜ ವರ್ಣವನ್ನು ಕೆಡಿಸದು; ಕಡಲಿಗೂ ದೊಡ್ಡ ಜಲಾಶಯದ ನಡುಹಗಲಿಗೂ ಅದು ಯೋಗ್ಯ. ನಮ್ಮ ನದಿಗಳ ದಡ, ಆಳವಿಲ್ಲದ ಕೊಳ, ಹಸುರು ಬೆರೆತ ನೀರು, ಇವುಗಳಿಗೆ ಕಂದು ಅಥವಾ ತಾಮ್ರವರ್ಣ ಮೇಲು. ಮರಳಿಗೂ ಮೀನಿನ ಬೆನ್ನಿಗೂ ಇರುವ ಭೇದ ಅದರಲ್ಲಿ ಎದ್ದು ಕಾಣುವುದು. ಮುಂಜಾನೆಗೂ ಮೋಡದ ದಿನಕ್ಕೂ ತಿಳಿಹಳದಿ ಹಿತವಾದರೂ ಪ್ರಖರವಾದ ಬಿಸಿಲಿಗೆ ಅದು ಸಾಲದು. ಗಾಢತೆಯನ್ನು 0ಯಿಂದ 4ರವರೆಗೆ ಅಂಕಿಗಳಿಂದ ಸೂಚಿಸುವರು. 3 ಎಂದಿದ್ದರೆ ನೂರರಲ್ಲಿ 8ರಿಂದ 18 ಪಾಲು ಬೆಳಕು ಒಳಬರುವುದು, ನಮ್ಮ ಬಿಸಿಲಿಗೆ ಇದು ತಕ್ಕುದು. 4 ಎಂದಿರುವುದನ್ನು ಧರಿಸಿ ವಾಹನ ನಡೆಸಲೇಬಾರದು. ಒಂದನ್ನೇ ಕೊಳ್ಳುವವರಿಗೆ ಕಂದು ಸಾಕೆಂಬುದು ನಮ್ಮ ಅಭಿಪ್ರಾಯ.

ಅಂಗಡಿಯಲ್ಲಿಯೇ ಪರೀಕ್ಷೆ ಮಾಡಬಹುದು. ಹೊಳೆಯುವ ಗಾಜಿನ ಮೇಜನ್ನೋ ಒದ್ದೆಯಾದ ನೆಲವನ್ನೋ ಓರೆಯಾಗಿ ನೋಡುತ್ತ, ಕನ್ನಡಕವನ್ನು ಕಣ್ಣೆದುರು ಹಿಡಿದು ಕಾಲುಸುತ್ತು ತಿರುಗಿಸಿರಿ. ಹೊಳಪು ಅಡಗಿ ಮತ್ತೆ ಮೂಡಿದರೆ ಮಾಲು ನಿಜವಾದುದು. ಅತಿನೇರಳೆ ಕಿರಣಗಳ ತಡೆ ಇದಕ್ಕಿಂತ ಪ್ರತ್ಯೇಕವಾದುದರಿಂದ ‘ಯುವಿ 400’ ಎಂಬ ಗುರುತನ್ನೂ ಕೇಳಬೇಕು. ಆ ತಡೆಯಿಲ್ಲದ ಕಪ್ಪು ಮಸೂರದ ಹಿಂದೆ ಕಣ್ಣಿನ ಪಾಪೆ ಹಿಗ್ಗುವುದರಿಂದ ಕೆಡುಕೇ ಹೆಚ್ಚು. ಇಂತಹ ಕನ್ನಡಕದಲ್ಲಿ ಕೆಲವು ಮೊಬೈಲುಗಳ ಪರದೆ ಕಪ್ಪಾಗಿ ಕಂಡರೆ ಗಾಬರಿಯಾಗಬೇಕಾಗಿಲ್ಲ. ಫೋನನ್ನು ಸ್ವಲ್ಪ ತಿರುಗಿಸಿದರೆ ಸರಿಹೋಗುವುದು.

ಇದರ ಶಕ್ತಿಗೂ ಮಿತಿಯುಂಟು. ಸಾರಕ್ಕಿ ಕೆರೆಯ ದಂಡೆಯಲ್ಲಿ ಸಂಜೆ ನಡೆಯುತ್ತ ನಾವು ನಮ್ಮ ಹೊಸ ಕನ್ನಡಕವನ್ನು ಪರೀಕ್ಷಿಸಿದಾಗ ಹೊಳಪು ಹೋಯಿತು. ಆದರೆ ಕದಡಿದ ನೀರಿನ ತಳ ಕಾಣಲಿಲ್ಲ. ಬಗ್ಗಡವನ್ನು ಯಾವ ಕನ್ನಡಕವೂ ತಿಳಿಮಾಡದು. ತಿಳಿನೀರಿನಲ್ಲಿಯೂ ಮೀನು ತಾನಿರುವುದಕ್ಕಿಂತ ಮೇಲೆ ಕಾಣುವುದು; ಈ ಭ್ರಮೆಯನ್ನು ಕನ್ನಡಕ ಕಳೆಯದು, ಅನುಭವವೇ ಕಳೆಯಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಕೊನೆಗೆ ಇಟ್ಟಿರುವೆವು. ಕಳೆದ ಬೇಸಿಗೆಯಲ್ಲಿ ನಮ್ಮ ಹತ್ತು ವರ್ಷದ ಮೊಮ್ಮಗನನ್ನು ಅದೇ ಕೊಳಕ್ಕೆ ಕರೆದೊಯ್ದಿದ್ದೆವು. ಅವನು ಉತ್ಸಾಹದಿಂದ ಬೀಸಿದ ಗಾಳ ಹಿಂದಕ್ಕೆ ತಿರುಗಿ ಬಂದು ನಮ್ಮ ಬಲಗಡೆಯ ಮಸೂರಕ್ಕೆ ಟಕ್ಕೆಂದು ತಾಕಿತು. ಪೆಟ್ಟಿಗೆ ಸುಲಭವಾಗಿ ಒಡೆಯದ ಪಾಲಿಕಾರ್ಬನೇಟ್ ಮಸೂರವಾದುದರಿಂದ ಒಂದು ಗೀರು ಮಾತ್ರ ಬಿದ್ದಿತು. “ತಾತಾ, ಕಣ್ಣಿಗೆ ಏನಾಯಿತು?” ಎಂದು ಹುಡುಗ ಅಳುತ್ತ ಓಡಿಬಂದಾಗ ನಾವು ಅವನ ಮುಖವನ್ನು ನೋಡಿದೆವು. ಅವನ ಕಣ್ಣಿಗೆ ಯಾವ ರಕ್ಷೆಯೂ ಇರಲಿಲ್ಲ. ನಮ್ಮ ಕನ್ನಡಕಕ್ಕಾಗಿ ಎರಡು ವರ್ಷ ವಿಚಾರಮಾಡಿದ ನಾವು ಮಗುವಿನ ಕಣ್ಣನ್ನು ಮರೆತಿದ್ದೆವು! ಮರುದಿನವೇ ಜಯನಗರದ 4ನೆಯ ಬ್ಲಾಕಿಗೆ ಹೋಗಿ ಅವನಿಗೂ ಅದೇ ಜಾತಿಯ, ಬಣ್ಣವಿಲ್ಲದ ಕನ್ನಡಕವನ್ನು ಕೊಡಿಸಿದೆವು. ಈ ಮಸೂರ ಬೇಗ ಗೀರುವುದರಿಂದ ಗಟ್ಟಿಲೇಪವನ್ನು ಕೇಳಿ ಪಡೆಯಬೇಕು. ಪವರು ಬಹಳ ಹೆಚ್ಚಿದ್ದರೆ ಅಂಚಿನಲ್ಲಿ ಬಣ್ಣದ ಛಾಯೆ ಕಾಣಬಹುದು.

ಗಾಳ ಹಾಕುವ ಮುನ್ನ ನೀರಿನ ಒಡೆಯರ ಅನುಮತಿ ಅವಶ್ಯ. ಕಾವೇರಿಯ ಬಿಳಿಮೀನು 2018ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿದುದನ್ನು ಯಾರೂ ಮರೆಯಬಾರದು. ಗಾಳವೇ ಬೇಡವೆನ್ನುವವರು ಶೃಂಗೇರಿಯ ತುಂಗಾತೀರದ ಸೋಪಾನದಲ್ಲಿ ಇಂತಹ ಕನ್ನಡಕ ಧರಿಸಿ ನಿಂತು, ಅಲ್ಲಿ ನಿರ್ಭಯವಾಗಿ ಸಂಚರಿಸುವ ಮೀನುಗಳನ್ನು ಮನೆಮಂದಿಗೆಲ್ಲ ತೋರಿಸಬಹುದು.

ಮೀನಿಗೆ ಎವೆಯಿಲ್ಲ. ನಮಗೆ ಎವೆಯನ್ನು ಕೊಟ್ಟಿದ್ದರೂ ಬೀಸಿ ಬರುವ ಗಾಳದ ವೇಗಕ್ಕೆ ಅದು ಮುಚ್ಚಲಾರದು. ಆದಕಾರಣ ನೀರಿನ ಬಳಿಗೆ ಹೋಗುವಾಗ ಗಾಳಗಳೆಷ್ಟೆಂದು ಎಣಿಸುವ ಮೊದಲು, ಜೊತೆಗೆ ಬರುವವರು ಎಷ್ಟು ಮಂದಿ, ಕನ್ನಡಕಗಳೆಷ್ಟು ಎಂದು ಎಣಿಸಿಕೊಳ್ಳುವುದು ಲೇಸು.