ಐದು ಮೂಟೆ ಅಕ್ಕಿಯ ಭಾರದ ಕಾಫಿ

ಫಿಲ್ಟರ್ ಕಾಫಿಗೆ ಬೇಕಾದದ್ದು ಮೂರೇ: ಒಳ್ಳೆಯ ಪುಡಿ, ಕುದಿಯುವ ನೀರು, ತಾಳ್ಮೆ. ಹಿತ್ತಾಳೆ ಫಿಲ್ಟರಿನ ಮೇಲಿನ ಡಬ್ಬಿಗೆ ಪುಡಿ ಹಾಕಿ, ನೀರು ಸುರಿದು, ಮುಚ್ಚಳ ಮುಚ್ಚಿ, ಹೂ ಕಿತ್ತು ದೇವರ ದೀಪ ಹಚ್ಚಿ ಬರುವಷ್ಟರಲ್ಲಿ ಡಿಕಾಕ್ಷನ್ ಕೆಳಗಿಳಿದಿರುತ್ತದೆ. ಅಲ್ಲಿ ಕೆಲಸ ಮಾಡುವುದು ಭೂಮಿಯ ಗುರುತ್ವಾಕರ್ಷಣೆ. ಅದಕ್ಕೆ ಕರೆಂಟೂ ಬೇಡ, ರಿಪೇರಿಯೂ ಬೇಡ.

ಈಗ ನಮ್ಮ ಪಟ್ಟಣಗಳ ಎಷ್ಟೋ ಅಡುಗೆಮನೆಗಳಲ್ಲಿ ಆ ಫಿಲ್ಟರಿನ ಪಕ್ಕದಲ್ಲೇ ಎಸ್ಪ್ರೆಸೊ ಯಂತ್ರ ಬಂದು ಕುಳಿತಿದೆ. ನಮ್ಮ ಮನೆಗೂ ಮಗ ಒಂದನ್ನು ತಂದ. ಹೈಸ್ಕೂಲಿನಲ್ಲಿ ಬಹಳ ವರ್ಷ ವಿಜ್ಞಾನ ಪಾಠ ಮಾಡಿದ ನನಗೆ ಅದೊಂದು ಪುಟ್ಟ ಪ್ರಯೋಗಾಲಯದಂತೆ ಕಂಡಿತು. ಏಳನೇ ತರಗತಿಯ ಮೊಮ್ಮಗನಿಗೂ ಹಾಗೇ ಕಂಡಿತು. ವ್ಯತ್ಯಾಸ ಇಷ್ಟೇ: ನಾನು ಜೊತೆಗೆ ಬಂದ ಪುಸ್ತಕ ಓದಿದೆ, ಅವನು ಗುಂಡಿ ಒತ್ತಿದ!

ಒಳಗೆ ಏನು ನಡೆಯುತ್ತದೆ?

ಮಕ್ಕಳೇ, ಈ ಯಂತ್ರದ ಊರು ಇಟಲಿ. 1884ರಲ್ಲಿ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ ಹಬೆಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಒಂದೊಂದೇ ಕಪ್ ಇಳಿಸುವಂತೆ ಅದನ್ನು ಸುಧಾರಿಸಿದ. ಹಬೆಯ ಬಲ ಸಾಲದೆಂದು ಅಕಿಲ್ಲೆ ಗಾಜ್ಜಿಯಾ ಎಂಬುವನು ಹೊಸ ದಾರಿ ಹುಡುಕಿದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ ಅವನ ಸನ್ನೆಗೋಲಿನ ಯಂತ್ರದಿಂದ, ಕಾಫಿಯ ಮೇಲೆ ಹೊಂಬಣ್ಣದ ನೊರೆ ನಿಲ್ಲತೊಡಗಿತು. 1961ರಿಂದೀಚೆಗೆ ಆ ಕೆಲಸಕ್ಕೆ ವಿದ್ಯುತ್ ಪಂಪೂ ಬಂತು.

ಎಸ್ಪ್ರೆಸೊಗೆ ಬೇಕಾದ ಒತ್ತಡ ಸುಮಾರು 9 ಬಾರ್. ಅಂದರೆ 90 ಮೀಟರ್ ಎತ್ತರದ ನೀರಿನ ಕಂಬ ತನ್ನ ತಳವನ್ನು ಒತ್ತುವಷ್ಟು. ಜೋಗದ ಎತ್ತರ 253 ಮೀಟರ್. ಅದರ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚೇ ಆಯಿತು. 58 ಮಿಲಿಮೀಟರ್ ಅಗಲದ ಪುಡಿಯ ಬಿಲ್ಲೆಯ ಮೇಲೆ ಈ ಒತ್ತಡ ಬಿದ್ದರೆ ಸುಮಾರು 240 ಕಿಲೋ ಭಾರ ಹೇರಿದಂತೆ. 50 ಕಿಲೋ ಅಕ್ಕಿ ಮೂಟೆಗಳನ್ನು ಹತ್ತಿರ ಹತ್ತಿರ ಐದು ಪೇರಿಸಿ ಇಟ್ಟ ಹಾಗೆ! 90 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿನೀರು ಈ ಬಲದಿಂದ ಪುಡಿಯೊಳಗೆ ನುಗ್ಗಿ, 25ರಿಂದ 30 ಸೆಕೆಂಡಿನಲ್ಲಿ ರಸವನ್ನೆಲ್ಲ ಎಳೆದುಕೊಂಡು ಬರುತ್ತದೆ.

ಚಿಕೋರಿಯ ಕಿತಾಪತಿ

ಒಂದು ಭಾನುವಾರ ಮೊಮ್ಮಗ ಈ ಯಂತ್ರಕ್ಕೆ ಅಜ್ಜಿಯ ಡಬ್ಬಿಯ ಕಾಫಿಪುಡಿ ತುಂಬಿ ಗಟ್ಟಿಯಾಗಿ ಒತ್ತಿದ. ಅದರಲ್ಲಿ ಚಿಕೋರಿ ಬೆರೆತಿತ್ತು. ಚಿಕೋರಿ ಒಂದು ಗಿಡದ ಹುರಿದ ಬೇರು, ನೀರು ತಾಗಿದರೆ ಅಂಟಂಟಾಗುತ್ತದೆ. ನಯವಾದ ಪುಡಿಯೊಡನೆ ಸೇರಿ ಅದು ಜರಡಿಯ ತೂತುಗಳನ್ನು ಕಟ್ಟಿಬಿಟ್ಟಿತು. ಪಂಪು ನರಳಿತು, ಕಪ್ಪಿಗೆ ನಾಲ್ಕು ಹನಿಯೂ ಬೀಳಲಿಲ್ಲ. ಹುಡುಗ ಯಂತ್ರ ಆರಿಸಿ, ಪುಡಿಯ ಹಿಡಿಕೆಯನ್ನು ತಿರುಗಿಸಿಬಿಟ್ಟ.

ಯಂತ್ರ ಆರಿದರೂ ಒಳಗೆ ಸಿಕ್ಕಿಬಿದ್ದ ಒತ್ತಡ ಆರಿರಲಿಲ್ಲ. ದೊಡ್ಡ ಯಂತ್ರಗಳಲ್ಲಿ ಅದನ್ನು ಹೊರಬಿಡುವ ಕವಾಟ ಇರುತ್ತದೆ, ಹಲವು ಸಣ್ಣ ಯಂತ್ರಗಳಲ್ಲಿ ಇರುವುದಿಲ್ಲ. ಬಿಸಿ ಚರಟ ಢಬ್ಬೆಂದು ಸಿಡಿದು ಸೂರಿಗೆ ಅಂಟಿತು. ಒಂದಿಷ್ಟು ಅವನ ಮುಂಗೈ ಮೇಲೂ ಬಿತ್ತು.

"ಅಯ್ಯೋ ನನ್ನ ಕಂದ!" ಎಂದು ಅವನ ಅಜ್ಜಿ ಟೂತ್‌ಪೇಸ್ಟ್ ಹಿಡಿದು ಓಡಿ ಬಂದಳು. ನಾನು ಅವಳನ್ನು ತಡೆದು ಹುಡುಗನ ಕೈಯನ್ನು ನಲ್ಲಿಯ ಕೆಳಗೆ ಹಿಡಿದೆ.

"ತಾತ, ಉರಿ ಕಡಿಮೆಯಾಯ್ತು, ಬಿಡು."

"ಇಪ್ಪತ್ತು ನಿಮಿಷ ಆಗ್ಲಿ ಮರಿ. ಗಡಿಯಾರ ನೋಡ್ತಾ ಇರು."

ಹಿರಿಯರೇ, ಇದೊಂದನ್ನು ದಯವಿಟ್ಟು ನೆನಪಿಡಿ. ಸುಟ್ಟ ಜಾಗಕ್ಕೆ ಹರಿಯುವ ತಣ್ಣೀರು 20 ನಿಮಿಷ ಬೀಳಬೇಕು. ಬಳೆ, ಉಂಗುರ, ವಾಚು ಇದ್ದರೆ ಊದಿಕೊಳ್ಳುವ ಮೊದಲೇ ತೆಗೆಯಿರಿ. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ, ಮಂಜುಗಡ್ಡೆ ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿ. ಮುಖ, ಕಣ್ಣು, ಕೈ ಸುಟ್ಟಿದ್ದರೆ ಅಥವಾ ಬೊಬ್ಬೆ ಎದ್ದಿದ್ದರೆ ವೈದ್ಯರ ಬಳಿ ಹೋಗಿ. ನಾವೂ ಅಂದು ಹೋದೆವು. ಎರಡು ವಾರದಲ್ಲಿ ಗಾಯ ಮಾಯಿತು.

ಹಾಲು ಮತ್ತು ಸಾರು

ಇಂಥ ಪ್ರಯೋಗ ಮಕ್ಕಳಿಗಷ್ಟೇ ಮೀಸಲಲ್ಲ. ನಮ್ಮ ಬೀದಿಯ ಕಾಲೇಜು ಹುಡುಗನೊಬ್ಬ ನೇರವಾಗಿ ಹಾಲಿನ ಕಾಫಿಯೇ ಬರಲೆಂದು ನೀರಿನ ತೊಟ್ಟಿಗೆ ಹಾಲು ಸುರಿದ. ಹಾಲು ಬಿಸಿ ಕೊಳವೆಯೊಳಗೆ ಕೆನೆಗಟ್ಟಿ, ತಳ ಹಿಡಿದು, ಮರುದಿನಕ್ಕೆ ಹುಳಿತ ನಾತ. ರಿಪೇರಿಯವನು ಬಿಚ್ಚಿದಾಗ ಒಳಗೆ ಮೊಸರಿನ ಗಡ್ಡೆಗಳು ಸಿಕ್ಕವು.

ಇನ್ನು ನನ್ನಾಕೆ. ಹಾಲು ನೊರೆಯೇಳಿಸುವ ಹಬೆಯ ಕೊಳವೆಯನ್ನು ಅವಳು ತಣ್ಣಗಾದ ಸಾರಿನ ಪಾತ್ರೆಗೆ ಅದ್ದಿದಳು. ಸಾರೇನೋ ಬಿಸಿಯಾಯಿತು. ಆದರೆ ಹಬೆ ನಿಲ್ಲಿಸಿದಾಗ ಕೊಳವೆಯಲ್ಲಿ ಉಳಿದ ಹಬೆ ತಣಿದು ನೀರಾಯಿತು. ಹಬೆ ನೀರಾದರೆ ತೀರ ಚಿಕ್ಕ ಜಾಗ ಸಾಕು, ಉಳಿದ ಜಾಗ ಬರಿದಾಗುತ್ತದೆ. ಆ ಬರಿದು ಜಾಗ ಸಾರನ್ನು ಮೇಲಕ್ಕೆ ಎಳೆದುಕೊಂಡಿತು. ಮೂರು ದಿನ ಮಗನ ಕಾಫಿ ಹಿಂಗಿನ ಘಮ ಬೀರಿತು! ಹಾಲು ಕಾಯಿಸಿದ ಮೇಲೂ ಕೊಳವೆಯನ್ನು ಹೊರತೆಗೆದು, ಒಂದು ಕ್ಷಣ ಹಬೆ ಬಿಟ್ಟು, ಒದ್ದೆ ಬಟ್ಟೆಯಿಂದ ಒರೆಸಬೇಕೆನ್ನುವುದು ಇದಕ್ಕೇ.

ಕುಕ್ಕರಿನ ಒತ್ತಡ ತಾನಾಗಿ ಇಳಿಯುವ ತನಕ ಮುಚ್ಚಳ ಮುಟ್ಟಬಾರದೆಂದು ಎಲ್ಲರಿಗೂ ಗೊತ್ತು. ಕುಕ್ಕರಿನ ಒಳಗೆ ಹೊರಗಿನ ಗಾಳಿಗಿಂತ ಹೆಚ್ಚಿರುವ ಒತ್ತಡ ಸುಮಾರು 1 ಬಾರ್ ಮಾತ್ರ. 9 ಬಾರ್ ಹುಟ್ಟಿಸುವ ಯಂತ್ರಕ್ಕೆ ಅದಕ್ಕಿಂತ ಹೆಚ್ಚು ಮರ್ಯಾದೆ ಸಲ್ಲಬೇಡವೇ? ಕಾಫಿ ಇಳಿಯದೆ ನಿಂತರೆ ಯಂತ್ರ ಆರಿಸಿ, ಪೂರ್ತಿ ತಣಿಯಲು ಬಿಡಿ. ಹಿಡಿಕೆ ಬಿಚ್ಚುವ ಕೆಲಸ ದೊಡ್ಡವರದು.

ಮಾಡಬಹುದಾದ ಪ್ರಯೋಗ

ಹಾಗೆಂದು ಪ್ರಯೋಗವೇ ಬೇಡವೆನ್ನುವ ಮೇಷ್ಟ್ರು ನಾನಲ್ಲ. ಗಾಯ ಮಾಗಿದ ಮೇಲೆ ಮೊಮ್ಮಗನಿಗೆ ಒಂದು ನೋಟ್‌ಬುಕ್ ಕೊಟ್ಟೆ. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬಿಸಿನೀರು ಸುರಿಯುವುದು ಅಜ್ಜಿ, ಗಡಿಯಾರ ನೋಡುವುದು ಅವನು. ಹಿತ್ತಾಳೆ ಫಿಲ್ಟರಿಗೆ ಅಷ್ಟೇ ಪುಡಿ, ಅಷ್ಟೇ ನೀರು. ಮೊದಲ ದಿನ ತರಿಯಾದ ಪುಡಿ, ಮರುದಿನ ನಯವಾದದ್ದು, ಮೂರನೆಯ ದಿನ ಚಿಕೋರಿ ಬೆರೆಸಿದ್ದು. ಯಾವುದು ಎಷ್ಟು ನಿಮಿಷಕ್ಕೆ ಇಳಿಯಿತು, ಬಣ್ಣ ಹೇಗಿತ್ತು, ಎಲ್ಲವನ್ನೂ ಬರೆಯಬೇಕು. ರುಚಿ ನೋಡಿ ಹೇಳುವ ಕೆಲಸ ಮಾತ್ರ ನನ್ನದು.

ನೀವೂ ಮನೆಯಲ್ಲಿ ಮಾಡಿ ನೋಡಿ. ಬರೆಯುವ ಮುನ್ನ ಒಂದು ಊಹೆ ಮಾಡಿ: ಚಿಕೋರಿ ಬೆರೆತ ಪುಡಿ ಬೇಗ ಇಳಿಯುತ್ತದೋ, ನಿಧಾನವಾಗಿಯೋ?