ಗೆದ್ದ ಸೈನ್ಯ ಕೋಟೆಯಿಂದ ಹಿಂದಿರುಗಿದ್ದೇಕೆ?

ಬೆಂಗಳೂರಿನ ಪಶ್ಚಿಮದಲ್ಲಿರುವ ಕೆಂಗೇರಿಯನ್ನು ದಾಟಿ ಮೈಸೂರಿನ ಹೆದ್ದಾರಿಯಲ್ಲಿ ಸಾಗಿದರೆ, ಇಂದು ಕೆಲವೇ ಗಂಟೆಗಳಲ್ಲಿ ಶ್ರೀರಂಗಪಟ್ಟಣವನ್ನು ತಲುಪಬಹುದು. 1791ರ ಮೇ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯಕ್ಕೆ ಬೆಂಗಳೂರಿನಿಂದ ಅಲ್ಲಿಗೆ ಹೋಗಲು ಸುಮಾರು ಹತ್ತು ದಿನಗಳು ಹಿಡಿದುವು. ಮೇ 15ರಂದು ಅರಕೆರೆಯ ಬಳಿ ನಡೆದ ಬಯಲು ಕಾಳಗದಲ್ಲಿ ಆ ಸೈನ್ಯಕ್ಕೆ ಜಯವೂ ದೊರೆಯಿತು. ಆದರೆ ಒಂದು ವಾರ ಕಳೆಯುವಷ್ಟರಲ್ಲಿ, ಕೋಟೆಯನ್ನು ಒಡೆಯಲೆಂದೇ ಎಳೆದು ತಂದಿದ್ದ ಭಾರಿ ಫಿರಂಗಿಗಳನ್ನು ಅದು ತನ್ನ ಕೈಯಿಂದಲೇ ನಾಶಮಾಡಿ ಬೆಂಗಳೂರಿನತ್ತ ಹಿಂದಿರುಗಿತು. ಬಯಲಿನಲ್ಲಿ ಗೆದ್ದವನು ನಗರದ ಬಾಗಿಲಿನಿಂದ ಹಿಂದಿರುಗುವುದು ಸೋಜಿಗವೆಂದು ತೋರಬಹುದು. ಸ್ವಲ್ಪ ಗಣಿತದ ನೆರವಿದ್ದರೆ ಈ ಸೋಜಿಗವು ಬಿಡುತ್ತದೆ.

ಮೊದಲು ಕಾಳಗದ ಲೆಕ್ಕವನ್ನು ನೋಡೋಣ. ಇಂಗ್ಲೆಂಡಿನ ಎಂಜಿನಿಯರ್ ಲ್ಯಾಂಚೆಸ್ಟರ್ 1916ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಇದನ್ನು ಸೂತ್ರಕ್ಕೆ ಇಳಿಸಿದನು. ಸಮಾನ ಶಸ್ತ್ರ, ಸಮಾನ ಕೌಶಲಗಳುಳ್ಳ ಎರಡು ಪಡೆಗಳಿವೆಯೆನ್ನಿ. ಒಂದರಲ್ಲಿ 1000 ಜನ, ಇನ್ನೊಂದರಲ್ಲಿ 500 ಜನ. ಬಯಲಿನಲ್ಲಿ ಪ್ರತಿಯೊಬ್ಬನಿಗೂ ಎದುರಾಳಿಗಳೆಲ್ಲರೂ ಕಾಣುತ್ತಾರೆ. ದೊಡ್ಡ ಪಡೆಯಿಂದ ಹೆಚ್ಚು ಗುಂಡುಗಳು ಹಾರುತ್ತವೆ. ಅದರ ಮೇಲೆ ಬೀಳುವ ಗುಂಡುಗಳಾದರೋ ಕಡಿಮೆ. ಹೀಗೆ ಸಂಖ್ಯೆಯ ಲಾಭವು ಎರಡು ಬಗೆಯಲ್ಲಿ ಒದಗುವುದರಿಂದ, ಪಡೆಯ ಬಲವು ಸಂಖ್ಯೆಯ ವರ್ಗವನ್ನು ಅನುಸರಿಸುತ್ತದೆ. 1000ದ ವರ್ಗದಿಂದ 500ರ ವರ್ಗವನ್ನು ಕಳೆದರೆ 7,50,000 ಉಳಿಯುತ್ತದೆ. ಅದರ ವರ್ಗಮೂಲ ಸುಮಾರು 866. ಎಂದರೆ, ಚಿಕ್ಕ ಪಡೆಯು ಪೂರ್ತಿ ಅಳಿಯುವ ಹೊತ್ತಿಗೆ ದೊಡ್ಡ ಪಡೆಯು ಕಳೆದುಕೊಳ್ಳುವುದು 134 ಜನರನ್ನು ಮಾತ್ರ.

ಇದೇ ಪಡೆಗಳು ಇಕ್ಕಟ್ಟಾದ ಬೀದಿಯಲ್ಲಿಯೋ ಕೋಟೆಯ ಬಿರುಕಿನಲ್ಲಿಯೋ ಎದುರಾದರೆ ಏನಾಗುತ್ತದೆ? ಮುಂದಿನ ಸಾಲಿನ ಕೆಲವರು ಮಾತ್ರ ಕಾದಾಡಬಲ್ಲರು. ಹಿಂದಿರುವ ನೂರಾರು ಜನ ಸುಮ್ಮನೆ ಕಾಯಬೇಕು. ಆಗ ಒಬ್ಬನಿಗೆ ಒಬ್ಬನೆಂಬ ಲೆಕ್ಕ ನಡೆಯುತ್ತದೆ. 500 ಜನರನ್ನು ಅಳಿಸಲು 500 ಜನರನ್ನೇ ತೆರಬೇಕು. 134 ಎಲ್ಲಿ, 500 ಎಲ್ಲಿ! ಒಳಗಿನವರಿಗೆ ಗೋಡೆಯ ಮರೆಯೂ ಇದ್ದರೆ ಹೊರಗಿನವರ ನಷ್ಟ ಮತ್ತಷ್ಟು ಏರುತ್ತದೆ. ಭಯ, ದಣಿವು, ರೋಗ ಮೊದಲಾದವು ಈ ಸೂತ್ರದಲ್ಲಿ ಸೇರಿಲ್ಲವೆಂಬುದು ದಿಟ. ಆದರೂ ದಾಳಿ ಮಾಡುವ ದೊಡ್ಡ ಸೈನ್ಯವು ನಗರಕ್ಕಿಂತ ಬಯಲನ್ನು ಏಕೆ ಬಯಸುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಕಾರ್ನ್‌ವಾಲಿಸನು ಅದೇ ವರ್ಷ ಬೆಂಗಳೂರನ್ನು ಹಿಡಿದದ್ದು ಹೇಗೆ? ಮಾರ್ಚ್ 7ರಂದು ಪೇಟೆಯೂ ಮಾರ್ಚ್ 21ರ ರಾತ್ರಿ ಕೋಟೆಯೂ ಅವನ ವಶವಾದುವು. ಕೆಲಸವು ಎರಡು ವಾರಗಳಲ್ಲಿ ಮುಗಿದುದೇ ಅಲ್ಲಿ ಮುಖ್ಯವಾದ ಸಂಗತಿ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ಉಳಿದಿರುವ ಕೋಟೆಯ ಗೋಡೆಯಲ್ಲಿ ಆ ಲಗ್ಗೆಯನ್ನು ಸೂಚಿಸುವ ಕಲ್ಲಿನ ಫಲಕವನ್ನು ಓದುಗರು ಈಗಲೂ ನೋಡಬಹುದು. ಶ್ರೀರಂಗಪಟ್ಟಣವಾದರೋ ಕಾವೇರಿಯ ನಡುವಣ ದ್ವೀಪ. ಅದನ್ನು ಹಿಡಿಯಲು ಬಹುದಿನಗಳು ಬೇಕು. ಆ ದಿನಗಳಿಗೆಲ್ಲ ಅನ್ನವೂ ಮೇವೂ ಬೇಕು.

ಎರಡನೆಯ ಲೆಕ್ಕ ಈ ಮೇವಿನದು. ಆ ಕಾಲದ ಸೈನ್ಯದ ಎಂಜಿನ್ನೆಂದರೆ ಎತ್ತು. ಅದರ ಇಂಧನ ಹುಲ್ಲು. ಟಿಪ್ಪೂ ಸುಲ್ತಾನನು ಇದನ್ನು ಚೆನ್ನಾಗಿ ಬಲ್ಲವನಾಗಿದ್ದನು. ಚನ್ನಪಟ್ಟಣದ ರಾಜಮಾರ್ಗದುದ್ದಕ್ಕೂ ಮೇವನ್ನು ಅವನು ನಾಶಮಾಡಿಸಿದನು. ಕಾರ್ನ್‌ವಾಲಿಸನು ಅದನ್ನು ಬಿಟ್ಟು ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ದಾರಿ ಹಿಡಿದನು. ಅಲ್ಲಿಯೂ ಹಳ್ಳಿಗಳು ಬರಿದಾಗಿದ್ದುವು. ಉದಾಹರಣೆಗಾಗಿ, ಒಂದು ಎತ್ತು 72 ಕಿಲೋಗ್ರಾಂ ಹೊರುತ್ತದೆ, ದಿನಕ್ಕೆ 6 ಕಿಲೋಗ್ರಾಂ ಒಣಮೇವು ತಿನ್ನುತ್ತದೆ ಎಂದಿಟ್ಟುಕೊಳ್ಳೋಣ. ದಾರಿಯಲ್ಲಿ ಹುಲ್ಲು ಸಿಗದಿದ್ದರೆ ಹತ್ತು ದಿನಗಳಲ್ಲಿ ತನ್ನ ಹೊರೆಯಲ್ಲಿ 60 ಕಿಲೋಗ್ರಾಮನ್ನು ಅದೇ ತಿಂದಿರುತ್ತದೆ. ಸೈನ್ಯಕ್ಕೆ ಉಳಿಯುವುದು 12 ಕಿಲೋಗ್ರಾಂ. ಹಿಂದಿರುಗುವ ಪ್ರಯಾಣಕ್ಕೆ ಅದೂ ಸಾಲದು. ಇನ್ನಷ್ಟು ಎತ್ತುಗಳನ್ನು ಕಳುಹಿಸಿದರೆ ತಿನ್ನುವ ಬಾಯಿಗಳೂ ಅಷ್ಟೇ ಹೆಚ್ಚುತ್ತವೆ. ಆದುದರಿಂದ ಕೊರತೆಯನ್ನು ಸಂಖ್ಯೆಯಿಂದ ನೀಗಲಾಗದು.

ಅದರ ಮೇಲೆ ಮಳೆ ಸುರಿಯಿತು; ಕಾವೇರಿ ತುಂಬತೊಡಗಿತು; ದನಗಳು ರೋಗದಿಂದಲೂ ಹಸಿವಿನಿಂದಲೂ ಗುಂಪುಗುಂಪಾಗಿ ಸತ್ತುವು. ಒಂದೊಂದು ಭಾರಿ ಫಿರಂಗಿಯನ್ನು ಎಳೆಯಲು ಹತ್ತಾರು ಎತ್ತುಗಳು ಬೇಕು. ಎತ್ತುಗಳಿಲ್ಲದ ಮೇಲೆ ಫಿರಂಗಿಯು ಲೋಹದ ದಿಮ್ಮಿಯಷ್ಟೆ. ಅದನ್ನು ಒಡೆದುಹಾಕದೆ ಬೇರೆ ಮಾರ್ಗವಿರಲಿಲ್ಲ. ಮರಾಠರ ಸೈನ್ಯವು ಧಾನ್ಯಸಮೇತ ಸಮೀಪಕ್ಕೆ ಬರುತ್ತಿದ್ದಿತಾದರೂ, ಮೈಸೂರಿನ ಕುದುರೆ ಸವಾರರು ಸುದ್ದಿಯನ್ನು ತಡೆದಿದ್ದರಿಂದ ಅದು ಕಾರ್ನ್‌ವಾಲಿಸನಿಗೆ ತಿಳಿದದ್ದು ಹಿಂದಿರುಗತೊಡಗಿದ ಬಳಿಕವೇ.

ಆಮೇಲೆ ಅವನು ನಗರವನ್ನು ಬದಿಗಿಟ್ಟು ನಾಡಿನ ಕಡೆ ತಿರುಗಿದನು. ದಾರಿಗಳನ್ನು ಕಾಯುತ್ತಿದ್ದ ಕೋಟೆಗಳು ಒಂದೊಂದಾಗಿ ಅವನ ವಶವಾದುವು: ಜುಲೈಯಲ್ಲಿ ಹೊಸೂರು, ಅಕ್ಟೋಬರ್ 19ರಂದು ನಂದಿದುರ್ಗ, ಡಿಸೆಂಬರ್ 21ರಂದು ಮಾಗಡಿಯ ಸಾವನದುರ್ಗ. ಧಾನ್ಯದ ಹಾದಿಯು ಭದ್ರವಾದ ಮೇಲೆ, 1792ರ ಫೆಬ್ರವರಿ 6ರ ರಾತ್ರಿ, ಮರಳಿ ಶ್ರೀರಂಗಪಟ್ಟಣದ ಮೇಲೆ ಬಿದ್ದನು. ಮಾರ್ಚಿಯಲ್ಲಿ ಆದ ಒಪ್ಪಂದದಂತೆ ಟಿಪ್ಪುವು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು; ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು.

ಇದರಿಂದ ತಿಳಿಯುವುದಿಷ್ಟು: ಸೈನ್ಯವು ನಗರವನ್ನು ಬಿಟ್ಟು ಬಯಲಿಗೆ ಹೋದರೆ ಅದು ಸೋಲೊಪ್ಪಿದಂತೆಯೇ ಆಗಬೇಕಿಲ್ಲ. ಸಂಖ್ಯೆಯ ಬಲವು ಫಲಿಸುವ ನೆಲವನ್ನೂ ಹೊಟ್ಟೆ ತುಂಬುವ ದಾರಿಯನ್ನೂ ಅದು ಹುಡುಕುತ್ತಿರಬಹುದು. ಆದರೆ ಈ ಎರಡು ಲೆಕ್ಕಗಳಲ್ಲಿಯೂ ಸೇರದೆ ಉಳಿದವರೊಬ್ಬರಿದ್ದಾರೆ. ಸುಟ್ಟ ಹುಲ್ಲು, ಬರಿದಾದ ಕಣಜ, ಸತ್ತ ಎತ್ತು ಇವೆಲ್ಲ ಯಾವನೋ ರೈತನವು. ಒಂದು ಕಡೆಯವರು ಮೇವನ್ನು ಸುಟ್ಟರು, ಇನ್ನೊಂದು ಕಡೆಯವರು ಉಳಿದುದನ್ನು ಕೊಂಡೊಯ್ದರು. ಯುದ್ಧವು ಬಯಲಿಗೆ ಬಂದಿತೆಂದರೆ ಅವನ ಹೊಲಕ್ಕೆ ಬಂದಿತೆಂದೇ ಅರ್ಥ.