ಅಗಲಿದವರ ನೆನಪಿನಲ್ಲಿ ರೋಗಿಯ ಸೇವೆ

ಕ್ಯಾನ್ಸರ್ ರೋಗಿಗಳ ನೆರವಿಗೆ ನಿಂತ ಸೇವಾ ಸಂಸ್ಥೆಗಳಲ್ಲಿ ಸಂಬಳವಿಲ್ಲದೆ ದುಡಿಯುವವರ ಪೈಕಿ ಅನೇಕರು ಇದೇ ರೋಗಕ್ಕೆ ತಾಯಿಯನ್ನೋ ಗಂಡನನ್ನೋ ಮಗುವನ್ನೋ ಕಳೆದುಕೊಂಡವರು. ರೋಗ ಗೊತ್ತಾದ ದಿನದಿಂದ ಕೊನೆಯ ಉಸಿರಿನವರೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತಿಳಿದ ಮನೆಯವರಿಗೆ ಯಾವ ವೈದ್ಯಗ್ರಂಥದಲ್ಲೂ ಸಿಗದ ತಿಳಿವಳಿಕೆ ದಕ್ಕಿರುತ್ತದೆ. ಯಾವ ಕೌಂಟರಿನಲ್ಲಿ ಯಾವ ಕಾಗದ ಕೇಳುತ್ತಾರೆ, ಕೀಮೋ ಆದ ಮೇಲೆ ಬಾಯಿ ಹುಣ್ಣಾದವರಿಗೆ ಏನು ಉಣ್ಣಿಸಬಹುದು, ನಡುರಾತ್ರಿ ನೋವು ಏರಿದರೆ ಯಾರನ್ನು ಕರೆಯಬೇಕು ಎಂಬುದೆಲ್ಲ ಅವರಿಗೆ ಗೊತ್ತು. ರೋಗಿ ಹೋದ ಮೇಲೆ ಆ ತಿಳಿವಳಿಕೆ ಆ ಮನೆಗೆ ಬೇಕಾಗುವುದಿಲ್ಲ. ಅದು ಬೇಕಾಗುವುದು ಇಂದು ಬೆಳಿಗ್ಗೆಯಷ್ಟೇ ರಿಪೋರ್ಟ್ ಕೈಗೆ ಬಂದ ಇನ್ನೊಂದು ಮನೆಗೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಅದನ್ನು ತಲುಪಿಸುವ ಕೆಲಸವೇ ಈ ಸ್ವಯಂಸೇವೆಯ ತಿರುಳು.

ದೇಶದ ಕೆಲವು ಹೆಸರಾಂತ ಕ್ಯಾನ್ಸರ್ ಆಸ್ಪತ್ರೆಗಳು ಹುಟ್ಟಿದ್ದೇ ಇಂಥ ದುಃಖದಿಂದ. 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಮೆಹರ್‌ಬಾಯಿ ಟಾಟಾ ಬೆಂಗಳೂರಿನಲ್ಲಿ ಬೆಳೆದವರು. ತಂದೆ ಹೋರ್ಮಸ್‌ಜಿ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಉನ್ನತಾಧಿಕಾರಿಯಾಗಿದ್ದರು. ಪತಿ ದೊರಾಬ್‌ಜಿ ಟಾಟಾ ಮರುವರ್ಷ ಆಕೆಯ ಹೆಸರಿನಲ್ಲಿ ರಕ್ತದ ಕ್ಯಾನ್ಸರಿನ ಸಂಶೋಧನೆಗೆಂದು ದತ್ತಿ ಇಟ್ಟರು, ಅದೇ ವರ್ಷ ತಾವೂ ತೀರಿಕೊಂಡರು. ಅವರು ಬಿಟ್ಟುಹೋದ ಟ್ರಸ್ಟಿನ ಹಣದಿಂದ 1941ರಲ್ಲಿ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಮದರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ತಂಗಿ 1923ರಲ್ಲಿ ಕ್ಯಾನ್ಸರಿನಿಂದ ನರಳಿ ತೀರಿಕೊಂಡರು. ಅಲ್ಲಿಂದ ಮೂವತ್ತು ವರ್ಷ ಬಿಡದೆ ಬೆನ್ನುಹತ್ತಿದ ಅಕ್ಕ, 1954ರಲ್ಲಿ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆಯ ಬಾಗಿಲು ತೆರೆಸಿದರು. ರಾಯಚೂರಿನವರಿಗೆ ಹೆಚ್ಚು ಪರಿಚಿತವಾದದ್ದು ಹೈದರಾಬಾದಿನ ಬಸವತಾರಕಂ ಆಸ್ಪತ್ರೆ. ಎನ್.ಟಿ. ರಾಮರಾವ್ ಅವರ ಪತ್ನಿ ಬಸವತಾರಕಂ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಕಟ್ಟಿದ ಈ ಆಸ್ಪತ್ರೆ 2000ದಲ್ಲಿ ಆರಂಭವಾಯಿತು.

ಬೆಂಗಳೂರಿನ ಕರುಣಾಶ್ರಯವೂ ಇದೇ ಸಾಲಿನದು. ತಾಯಿಯನ್ನು ಕ್ಯಾನ್ಸರಿಗೆ ಕಳೆದುಕೊಂಡಿದ್ದ ಕಿಶೋರ್ ರಾವ್ ಅವರ ಮುಂದಾಳತ್ವದಲ್ಲಿ, ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಕ್ಲಬ್ ಸೇರಿ 1994ರಲ್ಲಿ ಇದನ್ನು ನಡೆಸುವ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಸ್ಥಾಪಿಸಿದವು. ಮೊದಲು ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುವ ಕೆಲಸ ನಡೆಯಿತು. ಮಾರತ್‌ಹಳ್ಳಿ ಬಳಿಯ ಕಟ್ಟಡ 1999ರಲ್ಲಿ ಸಿದ್ಧವಾಯಿತು. ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸಗೊಳಿಸಿದ ಆ ಕಲ್ಲಿನ ಕಟ್ಟಡದ ನಡುವೆ ನೀರಿನ ಕೊಳವಿದೆ. ಚಿಕಿತ್ಸೆಯಿಂದ ಇನ್ನು ಗುಣವಾಗದು ಎಂದು ವೈದ್ಯರು ಹೇಳಿದ ರೋಗಿಗಳನ್ನು ಇಲ್ಲಿ ಒಂದು ಪೈಸೆಯೂ ಪಡೆಯದೆ ನೋಡಿಕೊಳ್ಳುತ್ತಾರೆ. ನೋವು ಇಳಿಸುವುದು, ಹುಣ್ಣು ತೊಳೆದು ಪಟ್ಟಿ ಕಟ್ಟುವುದು, ಜೊತೆಗಿದ್ದವರಿಗೆ ಆರೈಕೆಯ ವಿಧಾನ ಕಲಿಸುವುದು, ಕೊನೆಯ ದಿನಗಳಿಗೆ ಘನತೆ ಉಳಿಸುವುದು ಇಲ್ಲಿನ ಕೆಲಸ. ದಾದಿಯರು ಮತ್ತು ವೈದ್ಯರ ಜೊತೆಗೆ ಸ್ವಯಂಸೇವಕರೂ ಇದರಲ್ಲಿ ಕೈಜೋಡಿಸುತ್ತಾರೆ.

ರಾಯಚೂರು ಜಿಲ್ಲೆಯಲ್ಲಿ ಕ್ಯಾನ್ಸರ್ ಎಂದರೆ ಮೊದಲು ಎದುರಾಗುವುದು ದೂರ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ನಾನೂರು ಕಿ.ಮೀ. ಆಚೆಗಿದೆ. ಅದರ ಕಲಬುರಗಿ ಕೇಂದ್ರ ನೂರೈವತ್ತರ ಆಸುಪಾಸು, ಹೈದರಾಬಾದು ಇನ್ನೂರರ ಆಸುಪಾಸು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಜಿಲ್ಲೆಯ ಜನ ಇಂದಿಗೂ ದೊಡ್ಡ ಕಾಯಿಲೆಗೆ ಆ ಕಡೆಯ ಗಾಡಿಯನ್ನೇ ಹತ್ತುತ್ತಾರೆ, ಅಲ್ಲಿನ ಎಂ.ಎನ್.ಜೆ. ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ 1955ರಿಂದ ನಡೆದುಬಂದಿದೆ. ದೇವದುರ್ಗ ಮತ್ತು ಮಾನ್ವಿಯಿಂದ ರಾಯಚೂರಿಗೇ ಸುಮಾರು 50 ಕಿ.ಮೀ. ದೇವದುರ್ಗಕ್ಕೆ ರೈಲಿಲ್ಲ. ಹಳ್ಳಿಯಿಂದ ಹೊರಟ ರೋಗಿ ತಾಲ್ಲೂಕು ಆಸ್ಪತ್ರೆ, ರಾಯಚೂರಿನ ರಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆ, ಆಮೇಲೆ ಪರ ಊರು ಎಂದು ಮೂರು ಕಡೆ ಚೀಟಿ ಮಾಡಿಸಬೇಕು. ಹತ್ತಿ ಬಿಡಿಸುವ ಕೂಲಿಯನ್ನೇ ನಂಬಿದ ಮನೆಯಲ್ಲಿ ಒಬ್ಬರು ರೋಗಿಯಾದರೆ ಜೊತೆಗೆ ಹೋಗುವ ಇನ್ನೊಬ್ಬರ ಕೂಲಿಯೂ ನಿಲ್ಲುತ್ತದೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿದ್ದು ಸುಮ್ಮನೆ ಅಲ್ಲ.

ಈ ದೂರದಲ್ಲಿ ಸ್ವಯಂಸೇವಕರ ನಿಜವಾದ ಕೆಲಸವಿದೆ. ಅದರ ಬಹುಪಾಲು ಕಣ್ಣಿಗೆ ಕಾಣದ ಕಾಗದದ ಕೆಲಸ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಆದರೆ ರೇಷನ್ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಸರಿಯಾಗಿರಬೇಕು. ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಹೆಸರಿದ್ದರೆ ರೋಗಿ ಬಂದ ದಾರಿಗೆ ಸುಂಕವಿಲ್ಲದೆ ಮರಳಬೇಕಾಗುತ್ತದೆ. ಹೊರಡುವ ಮೊದಲೇ ಇದನ್ನು ನೋಡಿ ಸರಿಪಡಿಸಿಕೊಡುವವರೊಬ್ಬರಿದ್ದರೆ ಒಂದು ವಾರ ಉಳಿಯುತ್ತದೆ. ಕ್ಯಾನ್ಸರಿನಲ್ಲಿ ಒಂದು ವಾರ ಸಣ್ಣದಲ್ಲ. ರೈಲಿನ ರಿಯಾಯಿತಿಯೂ ಹಾಗೆಯೇ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಎಸಿ ಮೂರನೆಯ ದರ್ಜೆಯಲ್ಲಿ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗಾರರಿಗೆ ಶೇ 75ರಷ್ಟು ಕಡಿತ. ಇದಕ್ಕೆ ಆಸ್ಪತ್ರೆ ಕೊಟ್ಟ ಪ್ರಮಾಣಪತ್ರ ಬೇಕು. ರಾಯಚೂರು ನಿಲ್ದಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವವರಿಗೆ ಇದು ಗೊತ್ತಿದ್ದರೆ ಪ್ರತಿ ಸಲದ ಕೀಮೋಗೂ ಸಾಲ ಮಾಡುವುದು ತಪ್ಪುತ್ತದೆ. ರಕ್ತ ಕೊಡುವವರನ್ನು ಹುಡುಕುವುದು, ದೊಡ್ಡ ಆಸ್ಪತ್ರೆಗಳ ಧರ್ಮಶಾಲೆಗಳಲ್ಲಿ ತಂಗಲು ಜಾಗ ಕೇಳುವುದು, ತೆಲುಗು ಬಾರದವರಿಗೆ ಹೈದರಾಬಾದಿನಲ್ಲಿ ವೈದ್ಯರ ಮಾತು ತಿಳಿಸಿ ಹೇಳುವುದು ಕೂಡ ಸೇವೆಯೇ.

ಇನ್ನೊಂದು ಕೆಲಸ ಭಯ ಕಳೆಯುವುದು. ಕ್ಯಾನ್ಸರ್ ಅಂಟುರೋಗವೆಂದು ನಂಬಿ ರೋಗಿಯ ತಾಟು ಬೇರೆ ಇಡುವ ಮನೆಗಳು ಇನ್ನೂ ಇವೆ. ‘ಕರೆಂಟ್ ಕೊಟ್ಟರೆ ಮನುಷ್ಯ ಉಳಿಯೋದಿಲ್ಲ’ ಎಂದು ರೇಡಿಯೇಷನ್ನಿಗೆ ಹೆದರಿ ಅರ್ಧಕ್ಕೆ ಮನೆಗೆ ಮರಳುವವರಿದ್ದಾರೆ. ವೈದ್ಯರು ಹತ್ತು ಸಲ ಹೇಳಿದರೂ ನಾಟದ ಮಾತು, ತನ್ನ ಹೆಂಡತಿಗೆ ರೇಡಿಯೇಷನ್ ಕೊಡಿಸಿದ್ದ ಪಕ್ಕದ ಊರಿನವರು ಹೇಳಿದರೆ ನಾಟುತ್ತದೆ. ಗುಟ್ಕಾ, ತಂಬಾಕಿನ ಎಲೆ ಬಾಯಲ್ಲಿಟ್ಟವರಿಗೆ ಬಾಯಿ ಕ್ಯಾನ್ಸರಿನ ಎಚ್ಚರ ಹೇಳುವಾಗಲೂ ಅಷ್ಟೇ. ಕರ್ನಾಟಕದಲ್ಲಿ ಗುಟ್ಕಾ 2013ರಿಂದಲೇ ನಿಷಿದ್ಧ. ಆದರೂ ಅಡಕೆಯ ಪುಡಿ ಮತ್ತು ತಂಬಾಕನ್ನು ಬೇರೆ ಬೇರೆ ಪೊಟ್ಟಣದಲ್ಲಿ ಕೊಂಡು ಬೆರೆಸಿ ಹಾಕಿಕೊಳ್ಳುವ ಚಟ ನಿಂತಿಲ್ಲ.

ದುಃಖವಿದ್ದ ಮಾತ್ರಕ್ಕೆ ಈ ಸೇವೆ ಕೈಗೆ ಬರುವುದಿಲ್ಲ. ಇದಕ್ಕೆ ತರಬೇತಿ ಬೇಕು. ಕೊನೆಗಾಲದ ಆರೈಕೆ ನೀಡುವ ಹಾಸ್ಪೈಸ್‌ಗಳಲ್ಲಿ ಸಾಮಾನ್ಯವಾಗಿ ಪಾಲಿಸುವ ಒಂದು ನಿಯಮವಿದೆ: ತೀರಾ ಹತ್ತಿರದವರನ್ನು ಕಳೆದುಕೊಂಡವರನ್ನು ಸುಮಾರು ಒಂದು ವರ್ಷ ರೋಗಿಯ ಹಾಸಿಗೆಯ ಬಳಿಯ ಕೆಲಸಕ್ಕೆ ಹಾಕುವುದಿಲ್ಲ. ಮನೆಯಲ್ಲಿ ವರ್ಷಾಬ್ದಿಕ ಮುಗಿಯುವತನಕ ಮದುವೆ ಮುಂಜಿ ಮುಂದೂಡುವ ನಮ್ಮ ರೂಢಿಯಲ್ಲೂ ಇದೇ ವಿವೇಕವಿದೆ. ವರ್ಷದೊಳಗೇ ಸೇವೆಗೆ ಬಂದವರು ಇನ್ನೊಬ್ಬರ ನೋವಿನಲ್ಲಿ ತಮ್ಮದನ್ನೇ ಕಂಡು ಕುಸಿಯಬಹುದು. ಇಲ್ಲವೇ ತಮ್ಮ ಕಥೆಯನ್ನೇ ಹೇಳುತ್ತ ರೋಗಿಯ ಮಾತು ಕೇಳುವುದನ್ನು ಮರೆಯಬಹುದು. ಆ ಅವಧಿಯಲ್ಲಿ ಅವರಿಗೆ ಲೆಕ್ಕಪತ್ರ, ಔಷಧ ಸಂಗ್ರಹ, ದೇಣಿಗೆ ಕೂಡಿಸುವ ಕೆಲಸ ಕೊಡಬಹುದು. ಕಲ್ಲಿಕೋಟೆಯಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಮುಂತಾದವರು ಆರಂಭಿಸಿದ ನೋವು ನಿವಾರಣೆಯ ಕ್ಲಿನಿಕ್ಕು ಬೆಳೆದು ಕೇರಳದ ಊರೂರಿನ ಜಾಲವಾಯಿತು. ಅಲ್ಲಿ ಸ್ವಯಂಸೇವಕರಿಗೆ 16 ಗಂಟೆಗಳ ಪಾಠ, ಆಮೇಲೆ ಹಿರಿಯರ ಜೊತೆ ರೋಗಿಗಳ ಮನೆಗೆ ಹೋಗಿ ಕಲಿಯುವ ಕ್ರಮವಿದೆ. ಸ್ವಯಂಸೇವಕರು ಪಾಲಿಸಬೇಕಾದದ್ದು ಮೂರು: ಔಷಧದ ಸಲಹೆ ಕೊಡಬಾರದು, ಒಂದು ಮನೆಯ ಮಾತು ಇನ್ನೊಂದು ಮನೆಗೆ ಒಯ್ಯಬಾರದು, ‘ಎಲ್ಲ ಸರಿಹೋಗುತ್ತದೆ’ ಎಂಬ ಸುಳ್ಳು ಭರವಸೆ ಕೊಡಬಾರದು. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು.

ನೋವು ಇಳಿಸುವ ಮಾರ್ಫಿನ್ ಮಾತ್ರೆ ದುಬಾರಿಯಲ್ಲ. ಅದನ್ನು ಇಟ್ಟುಕೊಳ್ಳಲು ಆಸ್ಪತ್ರೆಗಳಿಗೆ ಇದ್ದ ತೊಡಕನ್ನು ಮಾದಕವಸ್ತು ಕಾನೂನಿನ 2014ರ ತಿದ್ದುಪಡಿ ಸಡಿಲಿಸಿದೆ. ಆದರೂ ಅದು ಜಿಲ್ಲಾ ಕೇಂದ್ರದಾಚೆಯ ಹಳ್ಳಿಯ ಹಾಸಿಗೆಯವರೆಗೆ ತಲುಪಬೇಕಾದರೆ ಕೇಳುವವರು ಬೇಕು, ಒಯ್ಯುವವರು ಬೇಕು.

ಈ ನೆಲಕ್ಕೆ ಇಂಥ ಕೊಡುಗೆಯ ಕಲ್ಪನೆ ಹೊಸದಲ್ಲ. ಉದರಶೂಲೆಯಿಂದ ಸಾಯುವ ಸ್ಥಿತಿಗೆ ಬಂದಿದ್ದ ಮಾನ್ವಿಯ ಜಗನ್ನಾಥದಾಸರಿಗೆ, ಇಂದಿನ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಕೊಟ್ಟರೆಂದು ದಾಸಪರಂಪರೆ ನಂಬುತ್ತದೆ. ಆಯುಷ್ಯ ಕೊಡುವುದು ಎಲ್ಲರಿಂದಾಗದು. ವಾರಕ್ಕೆ ಅರ್ಧ ದಿನ ಕೊಡುವುದು ಆದೀತು.

ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಕ್ಯಾನ್ಸರಿಗೆ ತಮ್ಮವರನ್ನು ಕಳೆದುಕೊಂಡವರು ಹಳೆಯ ಫೈಲುಗಳನ್ನು ಬಿಸಾಡದಿರಲಿ. ಮನಸ್ಸು ತಹಬಂದಿಗೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ಕಿನಲ್ಲೋ ಊರಿನ ಆಶಾ ಕಾರ್ಯಕರ್ತೆಯ ಬಳಿಯೋ ಹೆಸರು ಹೇಳಿ ಬರಲಿ. ಮೂವತ್ತು ದಾಟಿದವರ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿದೆ. ಬರಲು ಹೆದರುವ ನೆರೆಮನೆಯ ಹೆಣ್ಣುಮಗಳೊಬ್ಬಳನ್ನು ಅಲ್ಲಿಗೆ ಕರೆದೊಯ್ಯುವುದರಿಂದಲೇ ಈ ಸೇವೆ ಶುರುವಾಗಬಹುದು.